ಗೊತ್ತಿಲ್ಲದ ಕೆಲಸಕ್ಕೆ ಸರಿಯಾದ ಬೆಲೆ

ಊರು ಬಿಟ್ಟು ಬಂದವನಿಗೆ ಹೊಸ ಊರಿನ ಭಾಷೆ ಬೇಗ ಬರುತ್ತದೆ. ಬೆಲೆಯ ಅಂದಾಜು ಅಷ್ಟು ಬೇಗ ಬರುವುದಿಲ್ಲ. ಧಾರವಾಡದ ನಮ್ಮ ಮನೆಯಲ್ಲಿ ತಂಬೂರಿಯ ತಂತಿ ಕಡಿದರೆ ಯಾರ ಹತ್ತಿರ ಒಯ್ಯಬೇಕು, ಎಷ್ಟು ಕೊಡಬೇಕು ಎಂಬುದು ಮನೆಮಂದಿಗೆಲ್ಲ ಗೊತ್ತಿತ್ತು. ಕುದುರೆಯನ್ನು ಉಜ್ಜಿ ಜವಾರಿ ಸರಿಮಾಡುವ ನಾಜೂಕಿನ ಕೆಲಸವಿದ್ದರೆ ಮೀರಜಿನ ಕಡೆ ಕಳಿಸುತ್ತಿದ್ದರು. ಯಾರೂ ರೇಟು ಕೇಳುತ್ತಿರಲಿಲ್ಲ. ಹೆಚ್ಚು ತೆಗೆದುಕೊಂಡವನ ಸುದ್ದಿ ಎಂಟು ದಿನದಲ್ಲಿ ಊರ ತುಂಬ ಹಬ್ಬುತ್ತಿತ್ತು, ಕಡಿಮೆ ಕೊಟ್ಟವನದ್ದೂ ಅಷ್ಟೇ. ಬೆಲೆಯನ್ನು ಕಾಯುವ ಕೆಲಸವನ್ನು ಊರೇ ಮಾಡುತ್ತಿತ್ತು.

ಪರಊರಿನಲ್ಲಿ ಆ ಕಾವಲು ಇರುವುದಿಲ್ಲ. ಹಾಗಾದರೆ ನಮಗೆ ಗೊತ್ತಿಲ್ಲದ ಕೆಲಸವನ್ನು, ನಮಗೆ ಗೊತ್ತಿಲ್ಲದ ಮನುಷ್ಯನಿಂದ ಮಾಡಿಸುವಾಗ ಯಾವುದು ನ್ಯಾಯವಾದ ಬೆಲೆ? ಈ ಪ್ರಶ್ನೆ ನನ್ನ ಮುಂದೆ ಬಂದದ್ದು ಒಂದು ಪಿಯಾನೊ ನೆಪದಿಂದ.

1994ರಲ್ಲಿ ವರ್ಗವಾಗಿ ಬಂದಾಗಿನಿಂದ ನಾನಿರುವುದು ಪುಣೆ ಕ್ಯಾಂಪಿನಲ್ಲಿ. 1817ರ ಖಡಕಿ ಯುದ್ಧದ ನಂತರ ಇಂಗ್ಲಿಷರು ಬೆಳೆಸಿದ ದಂಡುಪ್ರದೇಶ ಇದು. ಇಲ್ಲಿಯ ಸೇಂಟ್ ಮೇರಿಸ್ ಚರ್ಚು 1825ರದು, ಜನ ಲಾಲ್ ದೇವಳ ಎನ್ನುವ ಯಹೂದಿಗಳ ಪ್ರಾರ್ಥನಾಮಂದಿರ 1860ರ ದಶಕದ್ದು. ನಮ್ಮ ಗದಗಿನ ಭೀಮಸೇನ ಜೋಶಿಯವರು ಗುರುಗಳ ನೆನಪಿಗೆ 1953ರಲ್ಲಿ ಸವಾಯಿ ಗಂಧರ್ವ ಉತ್ಸವ ಶುರುಮಾಡಿದ್ದು ಇದೇ ಪುಣೆಯಲ್ಲಿ. ಆದರೆ ಕ್ಯಾಂಪಿನ ಕಿವಿ ಬೇರೆ. ಗೋವಾದವರು, ಪಾರ್ಸಿಗಳು, ಆಂಗ್ಲೋ-ಇಂಡಿಯನ್ನರು ಇದ್ದ ಹಳೇ ಮನೆಗಳಲ್ಲಿ ಪಿಯಾನೊ ಉಂಟು. ಲಂಡನ್ನಿನ ಟ್ರಿನಿಟಿ ಕಾಲೇಜಿನ ಪರೀಕ್ಷೆಗೆ ಕೂರುವ ಮಕ್ಕಳು ಸಂಜೆ ಹೊತ್ತು ಒಂದೇ ಪಾಠವನ್ನು ಹತ್ತು ಸಲ ಬಾರಿಸುವುದು ಕಿಟಕಿಯಿಂದ ಕೇಳುತ್ತದೆ.

ನಮ್ಮ ಮೇಲಿನ ಮಹಡಿಯಲ್ಲಿ ಗೋವಾ ಮೂಲದ ಒಬ್ಬ ಹಿರಿಯ ಹೆಂಗಸು ಇದ್ದಾರೆ. ನಾವು ಆಂಟಿ ಅನ್ನುತ್ತೇವೆ. ಗಂಡ ತೀರಿಕೊಂಡ ಮೇಲೆ ಏಳೆಂಟು ವರ್ಷ ಅವರ ಪಿಯಾನೊ ಮುಚ್ಚೇ ಇತ್ತು. ಮೊಮ್ಮಗಳು ಕಲಿಯಲು ಶುರುಮಾಡಿದಾಗ ಅದನ್ನು ಟ್ಯೂನ್ ಮಾಡಿಸಬೇಕಾಯಿತು. “ನೀವು ಬ್ಯಾಂಕಿನವರು, ನೀವೇ ಮಾತಾಡಿ” ಎಂದು ಆ ಕೆಲಸ ನನಗೆ ಹಚ್ಚಿದರು.

ಟ್ಯೂನರ್ ಏನು ಮಾಡುತ್ತಾನೆ ಅಂತ ಮೊದಲು ತಿಳಿದುಕೊಳ್ಳಬೇಕು. ಪಿಯಾನೊಗೆ 88 ಮನೆಗಳು, ಸುಮಾರು 230 ಉಕ್ಕಿನ ತಂತಿಗಳು. ತೀರ ಕೆಳಗಿನ ಮಂದ್ರಕ್ಕೆ ಸ್ವರಕ್ಕೊಂದು ತಂತಿ, ಅದರ ಮೇಲೆ ಎರಡು, ಆಮೇಲೆ ಮೂರು ಮೂರು. ಎಲ್ಲ ತಂತಿಗಳ ಎಳೆತ ಕೂಡಿಸಿದರೆ ಹದಿನೈದು-ಇಪ್ಪತ್ತು ಟನ್ ಆಗುತ್ತದೆ. ಒಳಗಿನ ಮರದ ಹಲಗೆ ಮಳೆಗಾಲದಲ್ಲಿ ತೇವ ಹೀರಿ ಉಬ್ಬಿದರೆ ಶ್ರುತಿ ಏರುತ್ತದೆ, ಬೇಸಿಗೆಯಲ್ಲಿ ಒಣಗಿದರೆ ಇಳಿಯುತ್ತದೆ. ಹೀಗಾಗಿ ಪುಣೆಯಂಥ ಹವೆಯಲ್ಲಿ ವರ್ಷಕ್ಕೆ ಎರಡು ಸಲವಾದರೂ ನೋಡಿಸಬೇಕು ಅನ್ನುತ್ತಾರೆ. ವರ್ಷಗಟ್ಟಲೆ ಬಿಟ್ಟ ಪಿಯಾನೊದ ಶ್ರುತಿ ಪೂರ್ತಿ ಇಳಿದಿರುತ್ತದೆ. ಅದನ್ನು ಮೊದಲು ಒರಟಾಗಿ ಮೇಲೆತ್ತಿ, ಆಮೇಲೆ ನಯವಾಗಿ ಕೂಡಿಸಬೇಕು. ಅಂದರೆ ಎರಡು ಕೆಲಸ. ಹಾಗೆ ಎತ್ತುವಾಗ ತುಕ್ಕು ಹಿಡಿದ ತಂತಿ ಕಡಿಯಲೂಬಹುದು. ಇನ್ನು ಸುತ್ತಿಗೆಗಳ ಉಣ್ಣೆಯ ಫೆಲ್ಟನ್ನು ನುಸಿ ತಿಂದಿದ್ದರೆ ಅದು ಬೇರೆಯೇ ಖರ್ಚು.

ಮೂವರನ್ನು ವಿಚಾರಿಸಿದೆವು. ಒಬ್ಬ ಫೋನಿನಲ್ಲೇ ಎರಡು ಸಾವಿರ ಅಂದ. ಇನ್ನೊಬ್ಬ ಬಂದು ಮುಚ್ಚಳ ತೆಗೆದು ನೋಡಿ, “ಇದು ಮುಗಿದ ಕಥೆ ಆಂಟಿ, ರಿಪೇರಿಗೆ ಹಾಕೋ ದುಡ್ಡು ದಂಡ. ಬೇಕಾದರೆ ಹದಿನೈದು ಸಾವಿರ ಕೊಟ್ಟು ನಾನೇ ಒಯ್ಯುತ್ತೇನೆ” ಅಂದ. ಮೂರನೆಯವರು ವಯಸ್ಸಾದವರು. ನೋಡದೆ ರೇಟು ಹೇಳುವುದಿಲ್ಲ ಅಂದರು. ಆದರೆ ನೋಡಲು ಬರುವುದಕ್ಕೆ ಇಷ್ಟು, ಟ್ಯೂನಿಂಗಿಗೆ ಇಷ್ಟು, ತಂತಿ ಕಡಿದರೆ ಒಂದಕ್ಕೆ ಇಷ್ಟು ಅಂತ ಫೋನಿನಲ್ಲೇ ಬಿಡಿಸಿ ಹೇಳಿದರು.

ಈ ಮೂರರಲ್ಲಿ ಯಾವುದು ನ್ಯಾಯ? ಕಡಿಮೆ ರೇಟಿನವನೇ ಒಳ್ಳೆಯವನು ಅನ್ನುವ ಹಾಗಿಲ್ಲ. ನಮ್ಮ ಕಿವಿಗೆ ಅರ್ಧ ಕೆಲಸವೂ ಪೂರ್ತಿ ಕೆಲಸವೂ ಮೊದಲ ದಿನ ಒಂದೇ ಥರ ಕೇಳಿಸುತ್ತದೆ. ಅರ್ಥಶಾಸ್ತ್ರದ ವಿದ್ಯಾರ್ಥಿಗಳಿಗೆ ಇದು ಪರಿಚಯದ ವಿಷಯ. ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೇ ಕಾರುಗಳ ಪೇಟೆಯ ಉದಾಹರಣೆ ಕೊಟ್ಟು ಬರೆದರು, 2001ರಲ್ಲಿ ಅವರಿಗೆ ನೊಬೆಲ್ ಬಂತು. ಮಾರುವವನಿಗೆ ಗೊತ್ತಿದ್ದದ್ದು ಕೊಳ್ಳುವವನಿಗೆ ಗೊತ್ತಿಲ್ಲದಿದ್ದರೆ ಒಳ್ಳೆಯ ಮಾಲಿಗೂ ಒಳ್ಳೆಯ ಬೆಲೆ ಸಿಗುವುದಿಲ್ಲ, ಕೊನೆಗೆ ಒಳ್ಳೆಯ ಮಾಲೇ ಪೇಟೆ ಬಿಟ್ಟು ಹೋಗುತ್ತದೆ ಎಂಬುದು ಅವರ ವಾದದ ಸಾರ. ಪಿಯಾನೊ ಟ್ಯೂನಿಂಗೂ ಹೀಗೆಯೇ. ಎರಡು ಸಾವಿರದವನನ್ನೇ ಎಲ್ಲರೂ ಕರೆಯುತ್ತಾ ಹೋದರೆ ನಾಲ್ಕು ತಾಸು ಕೂತು ಕೆಲಸ ಮಾಡುವವನು ಬೇರೆ ಉದ್ಯೋಗ ನೋಡಿಕೊಳ್ಳುತ್ತಾನೆ.

ಹಾಗಂತ ಬೆಲೆಯನ್ನು ಸರಕಾರ ಕಟ್ಟಲಿ ಎನ್ನೋಣವೇ? ಕೌಟಿಲ್ಯ ದೇಶೀ ಮಾಲಿಗೆ ನೂರಕ್ಕೆ ಐದು, ಪರದೇಶದ ಮಾಲಿಗೆ ನೂರಕ್ಕೆ ಹತ್ತು ಲಾಭವೆಂದು ಗೊತ್ತುಮಾಡಿದ್ದ. ಮಾಲಿಗಾದರೆ ಅಸಲು ಬೆಲೆ ಇರುತ್ತದೆ. ನಲವತ್ತು ವರ್ಷ ಪಳಗಿದ ಕಿವಿಗೆ ಅಸಲು ಎಷ್ಟು? ಅಮೆರಿಕದಲ್ಲಿ 1957ರಿಂದ ಟ್ಯೂನರುಗಳದ್ದೇ ಒಂದು ಗಿಲ್ಡ್ ಇದೆ, ಪರೀಕ್ಷೆ ನಡೆಸುತ್ತದೆ, ನಡತೆಯ ನಿಯಮಗಳನ್ನೂ ಇಟ್ಟಿದೆ. ನಮ್ಮಲ್ಲಿ ಈ ಕಸುಬಿಗೆ ಸರಕಾರಿ ಸನ್ನದಿಲ್ಲ. ಮಾತೇ ಸನ್ನದು.

ಆ ಮಾತು ಹೇಗಿರಬೇಕು ಎನ್ನುವುದಕ್ಕೆ ನನ್ನ ಕಸುಬಿನಿಂದ ಒಂದು ಅಳತೆ ಸಿಗುತ್ತದೆ. 2003ರಲ್ಲಿ ರಿಸರ್ವ್ ಬ್ಯಾಂಕು ಸಾಲ ಕೊಡುವವರಿಗೆ ನ್ಯಾಯಯುತ ವ್ಯವಹಾರದ ಸಂಹಿತೆ ತಂದಿತು. 2024ರ ಅಕ್ಟೋಬರಿನಿಂದ ಚಿಲ್ಲರೆ ಸಾಲಗಳಿಗೆಲ್ಲ ಬಡ್ಡಿ, ಶುಲ್ಕ, ಒಟ್ಟು ಹೊರೆ ಎಲ್ಲವನ್ನೂ ಒಂದೇ ಹಾಳೆಯಲ್ಲಿ ಮೊದಲೇ ಬರೆದುಕೊಡಬೇಕು. ಬಡ್ಡಿ ಎಷ್ಟಿರಬೇಕು ಎಂದು ಆ ಹಾಳೆ ಹೇಳುವುದಿಲ್ಲ. ಗಿರಾಕಿಗೆ ಕಾಣದ ಖರ್ಚು ಇರಕೂಡದು ಎನ್ನುತ್ತದೆ, ಅಷ್ಟೇ. ನನ್ನ ಮಟ್ಟಿಗೆ ನ್ಯಾಯವಾದ ಬೆಲೆ ಅಂದರೆ ಇದೇ: ತೆಗೆದುಕೊಳ್ಳುವವನು ನಾಚಿಕೆಯಿಲ್ಲದೆ ಬಿಡಿಸಿ ಹೇಳಬಹುದಾದದ್ದು, ಕೊಡುವವನು ಕೇಳಿ ತಿಳಿದುಕೊಳ್ಳಬಹುದಾದದ್ದು. ಮೂರನೆಯವರು ಮಾಡಿದ್ದು ಇದನ್ನೇ.

ಎರಡನೆಯವನ ವಿಚಾರ ಇನ್ನೂ ಸೂಕ್ಷ್ಮ. ಹದಿನೈದು ಸಾವಿರ ಕಡಿಮೆಯೇನೂ ಅಲ್ಲದಿರಬಹುದು, ಪಿಯಾನೊ ಕೆಟ್ಟಿದೆ ಅಂದದ್ದೂ ಅವನ ಮಟ್ಟಿಗೆ ನಿಜವಿರಬಹುದು. ತಕರಾರು ಮೊತ್ತದ ಬಗ್ಗೆ ಅಲ್ಲ. ವೈದ್ಯನಾಗಿ ಒಳಗೆ ಬಂದವನು ವ್ಯಾಪಾರಿಯಾಗಿ ಹೊರಗೆ ಹೋಗಲು ನೋಡಿದ. ಬ್ಯಾಂಕಿನಲ್ಲಿ ಆಸ್ತಿಗೆ ಬೆಲೆ ಕಟ್ಟಲು ಬಂದವನು ಅದನ್ನು ತಾನೇ ಕೊಳ್ಳುತ್ತೇನೆ ಅಂದರೆ ಅವನ ವರದಿಯನ್ನು ನಾವು ಕಸದ ಬುಟ್ಟಿಗೆ ಹಾಕುತ್ತಿದ್ದೆವು. 1908ರ ಸಿವಿಲ್ ಪ್ರೊಸೀಜರ್ ಕೋಡಿನಲ್ಲೂ ಕೋರ್ಟಿನ ಹರಾಜಿನಲ್ಲಿ ಕರ್ತವ್ಯವಿರುವ ಯಾವನೂ ಆ ಹರಾಜಿನಲ್ಲಿ ಕೂಗಬಾರದು ಅಂತಿದೆ, 21ನೇ ಆರ್ಡರು, 73ನೇ ರೂಲು. ಅವನು ಕಳ್ಳನೆಂದು ಕಾನೂನು ಹೇಳುತ್ತಿಲ್ಲ. ಪ್ರಾಮಾಣಿಕನಾದರೂ ಅವನ ಮಾತನ್ನು ನಂಬುವ ದಾರಿ ನಮಗೆ ಉಳಿಯುವುದಿಲ್ಲ. ಆಂಟಿ ಮಾತ್ರ ಹೂಂ ಅನ್ನುವುದರಲ್ಲಿದ್ದರು. ಒಂಟಿ ಹೆಂಗಸು, ಮಕ್ಕಳು ಪರದೇಶದಲ್ಲಿ, ಪಿಯಾನೊ ಗಂಡನದ್ದು. “ತಿಳಿದವನು ಹೇಳುತ್ತಿದ್ದಾನಲ್ಲ” ಎಂಬುದೇ ಅವರಿಗಿದ್ದ ಕಾರಣ. ತಿಳಿದವನ ಮೇಲೆ ಹೊಣೆ ಹೆಚ್ಚು ಅನ್ನುವುದು ಇದಕ್ಕೇ. ಟ್ಯೂನರ್ ಹಳೇ ಪಿಯಾನೊ ಕೊಳ್ಳುವುದೇ ತಪ್ಪೆಂದು ನಾನು ಹೇಳುವುದಿಲ್ಲ. “ನನಗೆ ಇದನ್ನು ಕೊಳ್ಳುವ ಆಸೆ ಇದೆ, ಆದ್ದರಿಂದ ಬೇರೆಯವರಿಗೆ ತೋರಿಸಿ ಬೆಲೆ ಕೇಳಿ” ಎಂದು ಮೊದಲು ಹೇಳಲಿ. ಟ್ಯೂನರನ್ನು ಶಿಫಾರಸು ಮಾಡಿ ಕಮಿಷನ್ ತೆಗೆದುಕೊಳ್ಳುವ ಸಂಗೀತದ ಮೇಷ್ಟ್ರಿಗೂ ಇದೇ ಮಾತು ಸಲ್ಲುತ್ತದೆ.

ಮೂರನೆಯವರು ಒಂದು ಮಧ್ಯಾಹ್ನ ಪೂರ್ತಿ ಕೂತು ಕೆಲಸ ಮಾಡಿದರು. ಶುರುಮಾಡುವ ಮುಂಚೆ, “ಇದನ್ನು 440ರ ಶ್ರುತಿಗೆ ಎತ್ತಿದರೆ ನನಗೆ ಕೂಲಿ ಜಾಸ್ತಿ, ಆದರೆ ತಂತಿಗಳು ತಾಳಲಿಕ್ಕಿಲ್ಲ. ಅರ್ಧ ಸ್ವರ ಕೆಳಗೇ ಕೂಡಿಸುತ್ತೇನೆ. ಮಗು ಒಬ್ಬಳೇ ಬಾರಿಸುವುದಾದರೆ ತೊಂದರೆ ಇಲ್ಲ, ಇನ್ನೊಂದು ವಾದ್ಯದ ಜೊತೆ ಮಾತ್ರ ಹೊಂದುವುದಿಲ್ಲ” ಎಂದು ಹೇಳಿದರು. ತನ್ನ ಆದಾಯ ಕಡಿಮೆಮಾಡುವ ಸತ್ಯವನ್ನು ಕೇಳದೇ ಹೇಳುವುದಕ್ಕೆ ಇಂಗ್ಲಿಷಿನಲ್ಲಿ ಪ್ರೊಫೆಷನಲ್ ಅನ್ನುತ್ತಾರೆ. ನಮ್ಮಲ್ಲಿ ಅದಕ್ಕೆ ಕಾಯಕ ಎಂಬ ಹಳೆಯ ಮಾತಿದೆ.

ಆದರೆ ಕಾಯಕದ ಪಾಠ ಕೊಡುವವನಿಗೂ ಉಂಟು. ಶರಣರ ಕಥೆಗಳಲ್ಲಿ ನುಲಿಯ ಚಂದಯ್ಯ ಹುಲ್ಲಿನ ಹಗ್ಗ ಹೊಸೆದು ಮಾರುತ್ತಿದ್ದ. ಒಮ್ಮೆ ಹಗ್ಗಕ್ಕೆ ಅದರ ಯೋಗ್ಯತೆಗಿಂತ ಬಹಳ ಹೆಚ್ಚು ಹಣ ಬಂದಾಗ ಆತ ಒಲ್ಲೆನೆಂದ. ತಂದುಕೊಟ್ಟದ್ದು ಲಿಂಗವೇ ಆದರೂ ಒಪ್ಪಲಿಲ್ಲ. ಆಂಟಿ ಕೆಲಸ ಮುಗಿದ ಮೇಲೆ ಕರುಣೆಯಿಂದ ಒಂದು ಸಾವಿರ ಹೆಚ್ಚಿಗೆ ಕೊಡಲು ಹೋದಾಗ ಆ ಹಿರಿಯರು ಹೇಳಿದ ಲೆಕ್ಕದಷ್ಟನ್ನೇ ಎಣಿಸಿಕೊಂಡು ಚೀಟಿ ಬರೆದುಕೊಟ್ಟರು. ಕರುಣೆಯ ದುಡ್ಡೂ ಒಮ್ಮೊಮ್ಮೆ ಕೆಲಸದ ಬೆಲೆಯನ್ನು ಕೆಡಿಸುತ್ತದೆ.

ಇನ್ನು ಕೆಲಸ ಮುಗಿದ ಮೇಲೆ ಚೌಕಾಶಿ ಮಾಡುವವರೂ ಇದ್ದಾರೆ, ನಮ್ಮವರಲ್ಲೇ. ತರಕಾರಿಯಾದರೆ ಬೇಡವೆಂದು ಬುಟ್ಟಿಗೆ ವಾಪಸು ಹಾಕಬಹುದು, ಕೂಡಿಸಿದ ಶ್ರುತಿಯನ್ನು ಟ್ಯೂನರ್ ವಾಪಸು ಒಯ್ಯಲಾರ. ಚೌಕಾಶಿಯೇನಿದ್ದರೂ ಮೊದಲೇ ಮುಗಿಸಬೇಕು. ಎಷ್ಟು ವರ್ಷದಿಂದ ಮುಟ್ಟಿಲ್ಲ ಎಂಬುದನ್ನು ನಿಜ ಹೇಳಬೇಕು. ಅವನು ಕೂತಿರುವಷ್ಟು ಹೊತ್ತು ಟಿವಿ, ಮಿಕ್ಸರು ಬಂದ್ ಇಡಬೇಕು, ಅವನು ದುಡಿಯುವುದು ಕಿವಿಯಿಂದ. ಬೇಡವಾದರೆ ಹಿಂದಿನ ದಿನವೇ ತಿಳಿಸಬೇಕು, ದುಡ್ಡು ಅವತ್ತೇ ಕೊಡಬೇಕು. ಮುಂಗಡ ಕೇಳಿದರೆ ಚೀಟಿ ಪಡೆದು ಕೊಡುವುದೂ ತಪ್ಪಲ್ಲ. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಎಂಬ ಗಾದೆಯನ್ನು ಬ್ಯಾಂಕಿನವನು ಮರೆಯಲಾರ.

ಪರಊರಿನಲ್ಲಿ ಮೋಸಹೋದಾಗ ನಾವು ಆ ಊರನ್ನೇ ಬೈಯುತ್ತೇವೆ, ಇಲ್ಲಿಯ ಜನವೇ ಹೀಗೆ ಅನ್ನುತ್ತೇವೆ. ಆ ಹಿರಿಯರ ಮನೆತನವೂ ಹೊಟ್ಟೆಪಾಡಿಗೆ ಗೋವಾದಿಂದ ಇಲ್ಲಿಗೆ ಬಂದದ್ದೇ. ಈಗ ನಮ್ಮ ಕಟ್ಟಡದಲ್ಲಿ ಪಿಯಾನೊ ಇರುವ ಇನ್ನೆರಡು ಮನೆಯವರು ಅವರನ್ನೇ ಕರೆಯುತ್ತಾರೆ. ರೇಟು ಎಷ್ಟು ಅಂತ ನನ್ನನ್ನು ಕೇಳುತ್ತಾರೆ, ನಾನು ಬಿಡಿಸಿ ಹೇಳುತ್ತೇನೆ. ಧಾರವಾಡದಲ್ಲಿ ಊರು ಮಾಡುತ್ತಿದ್ದ ಕೆಲಸ ಇದೇ. ಇಲ್ಲಿ ಅದನ್ನು ನಾವು ನಾಲ್ಕು ಮನೆಯವರು ಸೇರಿ ಮಾಡಿಕೊಳ್ಳಬೇಕು, ಅಷ್ಟೇ.