ಮತ್ಸರ ಕಟ್ಟಿದ ಗುಮ್ಮಟ

ದೇವರ ಹೆಸರಿನಲ್ಲಿ ಎದ್ದ ಮಂದಿರವೊಂದರ ಹಿಂದೆ ದೇವರಿಗೆ ಸಲ್ಲದ ಉದ್ದೇಶವಿದ್ದಿತೆಂದು ತಿಳಿದುಬಂದರೆ, ಆ ಮಂದಿರದ ಪಾವಿತ್ರ್ಯಕ್ಕೆ ಕುಂದುಂಟಾಗುವುದೇ? ಈ ಪ್ರಶ್ನೆಯನ್ನು ಬರಿಯ ತರ್ಕವಾಗಿ ಎತ್ತುವುದಕ್ಕಿಂತ, ಇರಾನಿನ ಇಸ್ಫಹಾನ್ ನಗರದ ಹಳೆಯ ಜುಮ್ಮಾ ಮಸೀದಿಯನ್ನು ಮುಂದಿಟ್ಟುಕೊಂಡು ಎತ್ತುವುದು ಲೇಸು.

ಇಸ್ಫಹಾನ್ ಎಂದೊಡನೆ ನೆನಪಿಗೆ ಬರುವುದು, ಸಫವಿ ದೊರೆ ಷಾ ಅಬ್ಬಾಸನು 1598ರಲ್ಲಿ ರಾಜಧಾನಿಯನ್ನು ಅಲ್ಲಿಗೆ ತಂದ ಮೇಲೆ ಮೈದಳೆದ ನೀಲವರ್ಣದ ವೈಭವ. ಅದನ್ನು ಹೊಗಳಿದವರಿಗೆ ಕೊರತೆಯಿಲ್ಲ. ಜುಮ್ಮಾ ಮಸೀದಿಯ ಎರಡು ಇಟ್ಟಿಗೆಯ ಗುಮ್ಮಟಗಳಾದರೋ ಅದಕ್ಕೂ ಐದು ಶತಮಾನಗಳಷ್ಟು ಹಿಂದಿನವು. ಸೆಲ್ಜೂಕ್ ಸುಲ್ತಾನ ಮಲಿಕ್ ಷಾನ ಮಹಾಮಂತ್ರಿಯೂ, ರಾಜನೀತಿಯನ್ನು ಕುರಿತು ಗ್ರಂಥ ಬರೆದ ಪಂಡಿತನೂ ಆದ ನಿಜಾಮುಲ್ ಮುಲ್ಕನು 1086-87ರ ಸುಮಾರಿನಲ್ಲಿ ಮಸೀದಿಯ ದಕ್ಷಿಣದಲ್ಲಿ, ಪ್ರಾರ್ಥನೆಯ ದಿಕ್ಕನ್ನು ತೋರುವ ಗೂಡಾದ ಮಿಹ್ರಾಬಿನ ಮುಂದೆ, ವಿಶಾಲವಾದ ಗುಮ್ಮಟವನ್ನು ಎತ್ತಿಸಿದನು. ಅವನ ಪದವಿಯ ಮೇಲೆ ಕಣ್ಣಿಟ್ಟಿದ್ದ, ರಾಣಿ ತೆರ್ಕೆನ್ ಖಾತೂನಳ ಆಶ್ರಯ ಪಡೆದಿದ್ದ ತಾಜುಲ್ ಮುಲ್ಕನು ಎರಡೇ ವರ್ಷಗಳ ಅನಂತರ, ಹಿಜರಿ 481ರಲ್ಲಿ, ನೇರ ಎದುರು ದಿಕ್ಕಿಗೆ, ಉತ್ತರದಲ್ಲಿ, ಇನ್ನೊಂದು ಗುಮ್ಮಟವನ್ನು ಕಟ್ಟಿಸಿ ಅದರ ಮೇಲೆ ತನ್ನ ಹೆಸರನ್ನು ಕೆತ್ತಿಸಿದನು. ಕಾಲವನ್ನೂ ಸ್ಥಾನವನ್ನೂ ನೋಡಿದವರಿಗೆ ಇದು ಭಕ್ತಿಗಿಂತ ಹೆಚ್ಚಾಗಿ ಪೈಪೋಟಿಯೆಂಬುದರಲ್ಲಿ ಸಂದೇಹ ಉಳಿಯದು.

ಕರ್ಮಗಳ ಬೆಲೆಯನ್ನು ಅವುಗಳ ಹಿಂದಿನ ಸಂಕಲ್ಪದಿಂದಲೇ ಅಳೆಯಬೇಕೆಂಬುದು ಪ್ರವಾದಿಯವರ ಪ್ರಸಿದ್ಧವಾದ ಬೋಧನೆ. ಸಂಕಲ್ಪವಿಲ್ಲದ ನಮಾಜು ನಮಾಜೇ ಅಲ್ಲವೆಂದು ಧರ್ಮಶಾಸ್ತ್ರಜ್ಞರು ಹೇಳುತ್ತಾರೆ. ಆ ಅಳತೆಗೋಲನ್ನು ಹಿಡಿದರೆ ಉತ್ತರದ ಗುಮ್ಮಟ ತೂಕಕ್ಕೆ ಬಾರದ ವಸ್ತುವಾಗಬೇಕಾಗಿತ್ತು. ಆದರೆ ಒಳಗೆ ನಿಂತು ತಲೆಯೆತ್ತಿದವನಿಗೆ ಕಾಣುವುದೇ ಬೇರೆ. ಸುಮಾರು 10 ಮೀಟರ್ ಅಗಲ, 20 ಮೀಟರ್ ಎತ್ತರದ ಈ ಚಿಕ್ಕ ಕೋಣೆಯಲ್ಲಿ ಬಣ್ಣದ ಹೆಂಚಿನ ಅಲಂಕಾರವಿಲ್ಲ. ಇರುವುದು ಇಟ್ಟಿಗೆ ಮತ್ತು ಗಣಿತ. ಚೌಕಾಕಾರದ ಗೋಡೆಗಳ ನಾಲ್ಕು ಮೂಲೆಗಳಿಗೆ ಅಡ್ಡಲಾಗಿ ಕಮಾನುಗಳು ಹಾಯ್ದು ನಾಲ್ಕನ್ನು ಎಂಟಾಗಿಸುತ್ತವೆ. ಎಂಟರ ಮೇಲೆ ಹದಿನಾರು ಕಿರುಗಮಾನುಗಳು ಸುತ್ತುಗಟ್ಟುತ್ತವೆ. ಆ ಹದಿನಾರರ ಮೇಲೆ ವೃತ್ತವು ಆಯಾಸವಿಲ್ಲದೆ ಕುಳಿತುಕೊಳ್ಳುತ್ತದೆ. ನೆಲದಿಂದ ಹೊರಟ ತೆಳುಗಂಬದ ಗೆರೆಯೊಂದನ್ನು ಹಿಡಿದರೆ ಅದು ನಡುವೆ ಎಲ್ಲಿಯೂ ಕಡಿಯದೆ ಕಣ್ಣನ್ನು ಮೇಲಕ್ಕೆ ಒಯ್ಯುತ್ತದೆ. ತುದಿಯಲ್ಲಿ, ನಾಲ್ಕು, ಎಂಟು, ಹದಿನಾರರ ಲೆಕ್ಕವನ್ನೆಲ್ಲ ಬದಿಗಿಟ್ಟು, ಇಟ್ಟಿಗೆಯ ಏಣುಗಳು ಐದು ಮೂಲೆಯ ನಕ್ಷತ್ರವಾಗಿ ಹೆಣೆದುಕೊಂಡಿವೆ. ಇಷ್ಟು ಸಂಯಮವನ್ನು ಮತ್ಸರವು ಎಲ್ಲಿಂದ ಕಲಿಯಿತು?

ನನಗೆ ತೋರುವುದಿಷ್ಟು. ಸಂಕಲ್ಪವು ಕರ್ತೃವಿಗೆ ಸೇರಿದ್ದು. ಅದರ ಫಲವನ್ನು ಅವನೇ ಉಣ್ಣಬೇಕು. ಕೃತಿಯಾದರೋ ಗಾರೆಯವನ ಕೈಗೆ ಬಂದ ಗಳಿಗೆಯಿಂದ ಇನ್ನೊಂದು ಶಾಸನಕ್ಕೆ ಒಳಪಡುತ್ತದೆ. ಇಟ್ಟಿಗೆಯ ಭಾರ, ಕಮಾನಿನ ಒತ್ತಡ, ಕೋನದ ಅಳತೆ ಇವು ಕಟ್ಟಿಸಿದವನ ದರ್ಪಕ್ಕೆ ಮಣಿಯುವಂಥವಲ್ಲ; ಹಾಗೆ ಮಣಿದಿದ್ದರೆ ಗುಮ್ಮಟವು ಬಿದ್ದುಹೋಗುತ್ತಿತ್ತು. ನಿಜಾಮುಲ್ ಮುಲ್ಕನು 1092ರಲ್ಲಿ ಕೊಲೆಯಾದನು. ಸುಲ್ತಾನನೂ ಅದೇ ವರ್ಷ ತೀರಿಕೊಂಡನು. ಮರುವರ್ಷವೇ ನಿಜಾಮುಲ್ ಮುಲ್ಕನ ಕಡೆಯವರು ತಾಜುಲ್ ಮುಲ್ಕನನ್ನು ಕೊಂದರು. ಪೈಪೋಟಿ ಅಲ್ಲಿಗೆ ತೀರಿತು. ಆಮೇಲೆ ಒಂಬತ್ತು ನೂರು ವರ್ಷಗಳಿಂದ ಆ ಮಸೀದಿಗೆ ಬಂದು ಮಣಿದವರು ತಮ್ಮತಮ್ಮ ಸಂಕಲ್ಪಗಳನ್ನು ತಂದರೇ ಹೊರತು ತಾಜುಲ್ ಮುಲ್ಕನದನ್ನಲ್ಲ.

ಹೀಗೆ ವಾದಿಸಿದರೆ ದರ್ಪಿಷ್ಠರ ಸ್ಮಾರಕಗಳಿಗೆಲ್ಲ ಮಾಫಿ ಸಿಕ್ಕಂತಾಗುವುದಿಲ್ಲವೇ ಎಂದು ಯಾರಾದರೂ ಕೇಳಬಹುದು. ಇಲ್ಲ, ಕಟ್ಟಿಸಿದವನ ಪಾಪವನ್ನು ಕಟ್ಟಡದ ಚೆಲುವು ತೊಳೆಯದು, ಕಟ್ಟಡದ ಪುಣ್ಯವೂ ಅವನ ಲೆಕ್ಕಕ್ಕೆ ಬಾರದು. ಅದೇ ಊರಿನ ಶೇಖ್ ಲುತ್ಫುಲ್ಲಾ ಮಸೀದಿಯ ಮಿಹ್ರಾಬಿನಲ್ಲಿ ಮುಹಮ್ಮದ್ ರೆಜಾ ಎಂಬ ಗಾರೆಯವನು, ತನ್ನನ್ನು ದೇವರ ದಯೆಯನ್ನು ಬೇಡುವ ಬಡವನೆಂದು ಕರೆದುಕೊಂಡು, ಹಿಜರಿ 1028 ಎಂದು ವರ್ಷ ಕೆತ್ತಿ ತನ್ನ ರುಜುವನ್ನು ಉಳಿಸಿದ್ದಾನೆ. ತಾಜುಲ್ ಮುಲ್ಕನು ಹೆಸರು ಕೆತ್ತಿಸುವುದಕ್ಕೂ ಈತ ಕೆತ್ತುವುದಕ್ಕೂ ಎಷ್ಟು ಅಂತರ! ಉತ್ತರ ಗುಮ್ಮಟದ ಕುಶಲಿಗೆ ಅಷ್ಟು ಭಾಗ್ಯವೂ ಒದಗಲಿಲ್ಲ.

ಈ ಕಟ್ಟಡಕಲೆಯ ಒಂದು ಕವಲು ನಮ್ಮ ನೆಲಕ್ಕೂ ಬಂದಿದೆ. ಇರಾನಿನ ಗೀಲಾನಿನಿಂದ ಬಂದು ಬಹಮನೀ ರಾಜ್ಯದ ಮಂತ್ರಿಯಾದ ಮಹಮೂದ್ ಗವಾನನು 1472ರಲ್ಲಿ ಬೀದರಿನಲ್ಲಿ ಕಟ್ಟಿಸಿದ ಮದರಸಾ, ಮುಖಭಾಗ ಅರ್ಧ ಮುರಿದಿದ್ದರೂ, ಬಣ್ಣದ ಹೆಂಚುಗಳನ್ನು ಇನ್ನೂ ಹೊತ್ತು ನಿಂತಿದೆ. ಅವನನ್ನು ಕೊಲ್ಲಿಸಿದ್ದೂ ಮತ್ಸರವೇ. ಎದುರಾಳಿಗಳು ಸೃಷ್ಟಿಸಿದ ಕಳ್ಳಪತ್ರವನ್ನು ನಂಬಿದ ಸುಲ್ತಾನನು 1481ರಲ್ಲಿ ಅವನಿಗೆ ಮರಣದಂಡನೆ ವಿಧಿಸಿದನು. ಇಸ್ಫಹಾನಿಗೆ ಹೋಗಲಾಗದ ಓದುಗರು ಬೀದರಿಗಾದರೂ ಹೋಗಿ, ಉಳಿದ ಮಿನಾರಿನ ಬುಡದಲ್ಲಿ ನಿಂತು ಆ ಹೆಂಚುಗಳನ್ನು ಹತ್ತಿರದಿಂದ ನೋಡಿ ಬರಲಿ.