ಅಂಕಲ್‌ಗೆ ಹಾಯ್ ಹೇಳು ಪುಟ್ಟಿ

ಹೋದ ತಿಂಗಳು ನನ್ನ ಹಳೇ ಮ್ಯಾನೇಜರ್ ಒಬ್ಬರು ಮನೆಗೆ ಬಂದಿದ್ದರು. ಎರಡೂವರೆ ವರ್ಷದ ಮಗಳು ಬಂದು ನನ್ನ ಕಾಲು ತಬ್ಬಿ ನಿಂತಳು. "ಅಂಕಲ್‌ಗೆ ಹಾಯ್ ಹೇಳು ಪುಟ್ಟಿ" ಅಂದೆ. ಮುಖ ಮುಚ್ಚಿಕೊಂಡಳು. ಮೂರನೇ ಸಲ ಹೇಳುವಾಗ ನನ್ನ ದನಿ ಸ್ವಲ್ಪ ಏರಿತ್ತು. ಅವರು ನಗುತ್ತಾ ಕೈ ಚಾಚಿದರು. ನಾನು ಅವಳ ಬೆರಳುಗಳನ್ನು ನನ್ನ ಪ್ಯಾಂಟಿನಿಂದ ಒಂದೊಂದಾಗಿ ಬಿಡಿಸಿ, ಎತ್ತಿ ಅವರ ಕೈಗೆ ಕೊಟ್ಟೆ. ಉಸಿರು ಕಟ್ಟುವ ಹಾಗೆ ಅತ್ತಳು. "ಸಾರಿ ಸಾರ್, ಇವಳಿಗೆ ನಾಚಿಕೆ ಜಾಸ್ತಿ" ಅಂತ ಕ್ಷಮೆ ಕೇಳಿದೆ. ಅವರ ಹತ್ತಿರ, ಮಗಳ ಹತ್ತಿರ ಅಲ್ಲ.

ರಾತ್ರಿಯೆಲ್ಲ ಆ ಪುಟ್ಟ ಬೆರಳುಗಳೇ ನೆನಪಾಗ್ತಿದ್ದವು. ಆ 'ಹಾಯ್' ಅಷ್ಟಕ್ಕೂ ಯಾರಿಗೆ ಬೇಕಿತ್ತು? ಬಂದವರಿಗೆ ಕಾಫಿ ಸಾಕಿತ್ತು. ಮಗಳಿಗಂತೂ ಬೇಡವೇ ಬೇಡವಾಗಿತ್ತು. ಬೇಕಿದ್ದದ್ದು ನನಗೆ. 'ಮಗೂನ ಚೆನ್ನಾಗಿ ಬೆಳೆಸಿದ್ದಾನೆ' ಅನ್ನಿಸಿಕೊಳ್ಳುವ ಆಸೆ ನನ್ನದು, ಅದಕ್ಕೆ ಬೆಲೆ ತೆತ್ತಿದ್ದು ಅವಳು.

ಅಮ್ಮನಿಗೆ ಫೋನಲ್ಲಿ ಹೇಳಿದರೆ, "ಹಂಗಂತ ಸುಮ್ನೆ ಬಿಟ್ಬುಟ್ರೆ ಯಾರ್ ಜೊತೇಲೂ ಸೇರ್ದೆ ಒಂಟಿ ಆಯ್ತದೆ ಕಣಪ್ಪಾ" ಅಂದಳು. ಅದೂ ಸುಳ್ಳಲ್ಲ. ಆದರೆ ಕಲಿಸೋದು ಬೇರೆ, ಎಲ್ಲರೆದುರು ಪರೀಕ್ಷೆ ಮಾಡೋದು ಬೇರೆ.

ಅಲೆಕ್ಸಾಂಡರ್ ಥಾಮಸ್ ಮತ್ತು ಸ್ಟೆಲ್ಲಾ ಚೆಸ್ ಎಂಬ ದಂಪತಿ 1956ರಲ್ಲಿ ನ್ಯೂಯಾರ್ಕಿನಲ್ಲಿ ಮಕ್ಕಳ ಹುಟ್ಟುಗುಣದ ಬಗ್ಗೆ ದೀರ್ಘ ಅಧ್ಯಯನ ಶುರು ಮಾಡಿದರು. ಹೊಸಬರಿಗೆ, ಹೊಸ ಜಾಗಕ್ಕೆ ನಿಧಾನವಾಗಿ ಹೊಂದಿಕೊಳ್ಳುವ ಮಕ್ಕಳು ಅವರಿಗೆ ಸುಮಾರು ಶೇ. 15ರಷ್ಟು ಸಿಕ್ಕರು. ಅಂದರೆ ಇದು ರೋಗವೂ ಅಲ್ಲ, ಅಪ್ಪ ಅಮ್ಮನ ತಪ್ಪೂ ಅಲ್ಲ. ಇಂಥ ಮಕ್ಕಳು ಕೇಳೋದು ಟೈಮ್ ಅಷ್ಟೇ.

ಊರಲ್ಲಿ ನಾನೂ ಹೀಗೇ ಇದ್ದೆ. ಯಾರಾದರೂ ಬಂದರೆ ಜಗುಲಿ ಕಂಬದ ಹಿಂದೆ. ಅಜ್ಜಿ ಕರೆಯುತ್ತಿರಲಿಲ್ಲ, ಅವರೇಕಾಯಿ ಸುಲಿಯುತ್ತಾ ಬಂದವರ ಜೊತೆ ಮಾತಾಡುತ್ತಿದ್ದಳು. ನಾನು ಮೆಲ್ಲಗೆ ಬಂದು ಅವಳ ಪಕ್ಕ ಕೂತು ಎರಡು ಕಾಯಿ ಸುಲಿದ ಮೇಲೆ, "ಈ ಲೋಟ ಅವ್ರಿಗೆ ಕೊಟ್ಬುಟ್ಟು ಬಾ ಮಗಾ" ಅನ್ನೋಳು. ಅಷ್ಟೇ ಪಾಠ. ಅಲ್ಲಿ ಬರ್ತಿದ್ದವರೂ ದಿನಾ ನೋಡೋ ಮುಖಗಳೇ. ನಮ್ಮ ಫ್ಲಾಟಿಗೆ ತಿಂಗಳಿಗೊಂದು ಹೊಸ ಮುಖ ಬಂದು ಅರ್ಧ ಗಂಟೆಯಲ್ಲಿ ಹೊರಟುಹೋಗುತ್ತೆ. ಅಷ್ಟರಲ್ಲಿ ಅವಳು ನಗಬೇಕು, ಮಾತಾಡಬೇಕು, ರೈಮ್ಸ್ ಹೇಳಬೇಕು.

ಇನ್ನೊಂದು ಮಾತು. ನಾಳೆ ಇದೇ ಮಗಳಿಗೆ ನಾವೇ ಹೇಳಿಕೊಡುತ್ತೇವೆ, 'ಯಾರಾದ್ರೂ ಮುಟ್ಟೋದು ಇಷ್ಟ ಆಗಲಿಲ್ಲ ಅಂದ್ರೆ ಬೇಡ ಅನ್ನು' ಅಂತ. ಎರಡೂವರೆ ವರ್ಷಕ್ಕೇ ಅವಳ 'ಬೇಡ'ವನ್ನು ನಮ್ಮ ಕೈಯಾರೆ ಬಿಡಿಸಿ ಹಾಕಿದ ಮೇಲೆ, ಆ ಮಾತನ್ನು ಅವಳು ಯಾಕೆ ನಂಬಬೇಕು?

ಹಾಗಂತ ನೆಂಟರು ಬಂದಾಗ ರೂಮಿಗೆ ಎತ್ತಿಕೊಂಡು ಹೋಗಿ ಬಚ್ಚಿಡೋದೂ ಸರಿಯಲ್ಲ. ಆಗ ಬಂದವರು ನಿಜವಾಗಿಯೂ ಹೆದರಬೇಕಾದವರೇ ಅಂತ ಅವಳಿಗೆ ಅನ್ನಿಸಿಬಿಡುತ್ತೆ. ಈಗ ಯಾರು ಬರ್ತಾರೆ ಅಂತ ಅವಳಿಗೆ ಮೊದಲೇ ಹೇಳುತ್ತೇನೆ. ಬಂದವರಿಗೂ ಬಾಗಿಲಲ್ಲೇ, "ಸ್ವಲ್ಪ ಹೊತ್ತು ಬಿಟ್ಬಿಡಿ, ಅವಳೇ ಬರ್ತಾಳೆ" ಅನ್ನುತ್ತೇನೆ. ನಮಸ್ಕಾರ ನಾನು ಹೇಳುತ್ತೇನೆ, ಅವಳು ನೋಡುತ್ತಾಳೆ. 'ನಾಚಿಕೆ ಜಾಸ್ತಿ' ಅನ್ನೋ ಮಾತನ್ನು ಅವಳೆದುರು ಬಿಟ್ಟಿದ್ದೇನೆ.

ಮೊನ್ನೆ ಭಾನುವಾರ ಹೆಂಡತಿಯ ಫ್ರೆಂಡ್ ಬಂದಿದ್ದರು. ಇಪ್ಪತ್ತು ನಿಮಿಷ ಸೋಫಾದ ಹಿಂದೆಯೇ ಇದ್ದವಳು ಮೆಲ್ಲಗೆ ಬಂದು, ಅವರ ತೊಡೆ ಮೇಲೆ ತನ್ನ ಚನ್ನಪಟ್ಟಣದ ಬುಗುರಿ ಇಟ್ಟು ಓಡಿಹೋದಳು. ಹಾಯ್ ಹೇಳಲಿಲ್ಲ. ನಾನೂ ಹೇಳು ಅನ್ನಲಿಲ್ಲ.