ದೀರ್ಘರೋಗಿಯೂ ಅವನ ದಾಖಲೆಯೂ

ನಾಲ್ಕು ದಿನದ ಜ್ವರಕ್ಕೂ ನಲವತ್ತು ವರ್ಷದ ವ್ಯಾಧಿಗೂ ಇರುವ ಅಂತರವು ಕಾಲದ ಅಂತರ ಮಾತ್ರವಲ್ಲ. ಜ್ವರ ಬಂದವನು ವೈದ್ಯನನ್ನು ಕಂಡು, ಔಷಧವನ್ನು ಸೇವಿಸಿ, ಗುಣಹೊಂದಿ ಆ ಸಂಗತಿಯನ್ನೇ ಮರೆಯುತ್ತಾನೆ; ವೈದ್ಯನೂ ಮರೆಯುತ್ತಾನೆ. ಮಧುಮೇಹ, ಉಬ್ಬಸ, ಮೂತ್ರಪಿಂಡದ ಕ್ಷೀಣತೆ ಮುಂತಾದವುಗಳಿಂದ ನರಳುವವನಿಗಾದರೋ ಈ ಮರೆವಿನ ಭಾಗ್ಯವಿಲ್ಲ. ಅವನು ಒಬ್ಬ ವೈದ್ಯನ ಕೈಯಿಂದ ಮತ್ತೊಬ್ಬನ ಕೈಗೆ, ಒಂದು ಊರಿನ ಆಸ್ಪತ್ರೆಯಿಂದ ಇನ್ನೊಂದಕ್ಕೆ ಸಾಗುತ್ತಲೇ ಇರತಕ್ಕವನು. ಹಿಂದೆ ಕಾಗದದ ಕಡತವಾಗಿದ್ದ ಅವನ ದಾಖಲೆಯು ಈಗ ಗಣಕಯಂತ್ರವನ್ನು ಸೇರಿದೆ. ಹೊಸ ವೈದ್ಯನನ್ನು ಅನೇಕ ವೇಳೆ ಅವನಿಗಿಂತ ಮೊದಲೇ ಅದು ಹೋಗಿ ಕಾಣುತ್ತದೆ.

ಇದರಿಂದಾಗುವ ಉಪಕಾರವು ಅಲ್ಪವಲ್ಲ. ಅಮೆರಿಕದ ಲಾರೆನ್ಸ್ ವೀಡ್ ಎಂಬ ವೈದ್ಯರು 1968ರಲ್ಲಿಯೇ, ದಾಖಲೆಯು ಚೆದುರಿದ ಟಿಪ್ಪಣಿಗಳ ಕಟ್ಟಾಗಿರದೆ, ರೋಗಿಯ ಒಂದೊಂದು ತೊಂದರೆಯನ್ನೂ ಹೆಸರಿಸಿ ಅದರ ಕೆಳಗೆ ವೈದ್ಯನ ವಿಚಾರಸರಣಿಯನ್ನು ತೋರಿಸತಕ್ಕದ್ದೆಂದು ವಾದಿಸಿದರು. ಗಣಕಯಂತ್ರವು ಈ ಕಾರ್ಯಕ್ಕೆ ಒದಗುವುದೆಂದೂ ಅಂದೇ ಕಂಡರು. ಒಬ್ಬನು ಕೊಟ್ಟ ಔಷಧವು ಮತ್ತೊಬ್ಬನು ಕೊಟ್ಟದ್ದರೊಡನೆ ಕೂಡಿ ವಿಷವಾಗುವುದನ್ನು ಇಂಥ ದಾಖಲೆಯು ತಡೆಯಬಲ್ಲುದು. ಐದು ವರ್ಷಗಳ ರಕ್ತದೊತ್ತಡದ ಏರಿಳಿತವನ್ನು ಒಂದೇ ನೋಟಕ್ಕೆ ತರಬಲ್ಲುದು. ಇದನ್ನು ಅಲ್ಲಗಳೆಯುವವನು ಹಳೆಯದೆಂಬ ಕಾರಣಕ್ಕೇ ಹಳೆಯದನ್ನು ಹೊಗಳುವವನೆನ್ನಬೇಕು.

ಆದರೆ ದಾಖಲೆಯಲ್ಲಿ ಅಂಕಿಗಳು ಮಾತ್ರ ಇರುವುದಿಲ್ಲ. ಮನುಷ್ಯನನ್ನು ಕುರಿತ ಮಾತುಗಳೂ ಇರುತ್ತವೆ. ರೋಗಿಯ ಬೆನ್ನ ಹಿಂದೆ ಬರೆದ ಮಾತು ಅವನಿಗಿಂತ ಮುಂದೆ ನಡೆಯುವುದು ನ್ಯಾಯವೆ ಎಂಬುದೇ ಇಲ್ಲಿ ವಿಚಾರಣೀಯವಾದ ಪ್ರಶ್ನೆ.

ಕುಡುಗೋಲಿನ ಆಕಾರಕ್ಕೆ ತಿರುಗುವ ರಕ್ತಕಣಗಳ ವ್ಯಾಧಿಯೊಂದುಂಟು. ಸಿಕಲ್ ಸೆಲ್ ಎಂದು ಅದರ ಹೆಸರು. ಹುಟ್ಟಿನಿಂದಲೇ ಬರುವ ಈ ರೋಗದಲ್ಲಿ ಬಾಗಿದ ಕಣಗಳು ಸಣ್ಣ ರಕ್ತನಾಳಗಳನ್ನು ಕಟ್ಟಿ, ಆಗಾಗ ಎಲುಬಿನಲ್ಲಿಯೂ ಎದೆಯಲ್ಲಿಯೂ ಅಸಹ್ಯವಾದ ನೋವನ್ನುಂಟುಮಾಡುತ್ತವೆ. ಆ ನೋವನ್ನು ಅಳೆಯುವ ಯಂತ್ರವಿಲ್ಲ. ರೋಗಿಯ ಮಾತೇ ಅದಕ್ಕೆ ಪ್ರಮಾಣ. ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ವಿದ್ವಾಂಸರು 2018ರಲ್ಲಿ ಪ್ರಕಟಿಸಿದ ಒಂದು ಪರೀಕ್ಷೆಯಲ್ಲಿ, ಇಂಥ ಒಬ್ಬ ಕಲ್ಪಿತ ರೋಗಿಯನ್ನು ಕುರಿತು ಎರಡು ಟಿಪ್ಪಣಿಗಳನ್ನು ಬರೆಯಲಾಯಿತು. ರೋಗಸಂಗತಿಗಳು ಎರಡರಲ್ಲಿಯೂ ಒಂದೇ. ಒಂದರಲ್ಲಿ ಅವನು ಆಮ್ಲಜನಕದ ಮುಖವಾಡವನ್ನು ತಾಳಲಾರನೆಂದಿತ್ತು; ಮತ್ತೊಂದರಲ್ಲಿ ಅದನ್ನು ನಿರಾಕರಿಸುತ್ತಾನೆಂದಿತ್ತು. ಒಂದರಲ್ಲಿ ಅವನಿಗೆ ನೋವಿದೆ. ಮತ್ತೊಂದರಲ್ಲಿ ನೋವಿದೆಯೆಂದು ಹಟ ಹಿಡಿಯುತ್ತಾನೆ. ಎರಡನೆಯದನ್ನು ಓದಿದ ವೈದ್ಯವಿದ್ಯಾರ್ಥಿಗಳಿಗೂ ಕಿರಿಯ ವೈದ್ಯರಿಗೂ ರೋಗಿಯ ವಿಷಯದಲ್ಲಿ ಅನಾದರವುಂಟಾಯಿತಲ್ಲದೆ, ಅವರು ನೋವಿಗೆ ಸೂಚಿಸಿದ ಚಿಕಿತ್ಸೆಯೂ ಮೊದಲನೆಯವರು ಸೂಚಿಸಿದ್ದಕ್ಕಿಂತ ಮೃದುವಾಗಿತ್ತು. ಒಂದು ಕ್ರಿಯಾಪದವು ಬದಲಾದರೆ ಔಷಧದ ಬಲವೂ ಬದಲಾಗುವುದೆಂದಾಯಿತು!

ಕಾಗದದ ಕಾಲದಲ್ಲಿಯೂ ವೈದ್ಯರು ಮುನಿಸಿನಿಂದ ಬರೆದುದುಂಟು. ಆದರೆ ಆ ಮುನಿಸು ಒಂದು ಬೀರುವಿನಲ್ಲಿ ಧೂಳು ಹಿಡಿಯುತ್ತಿತ್ತು. ಈಗ ಹಿಂದಿನ ಟಿಪ್ಪಣಿಯನ್ನು ಹಾಗೆಯೇ ಎತ್ತಿ ಇಂದಿನದರಲ್ಲಿ ಇಡುವುದು ಬೆರಳಿನ ಒಂದು ಚಲನೆಯಿಂದ ಆಗುವ ಕೆಲಸ. ದಣಿದ ವೈದ್ಯನು ಹೀಗೆ ಮಾಡಿದರೆ ಅವನನ್ನು ಬಹಳವಾಗಿ ದೂರುವಂತೆಯೂ ಇಲ್ಲ. ಆದರೆ ಹತ್ತು ಕಡೆ ನಕಲಾದ ಒಬ್ಬನ ಅಭಿಪ್ರಾಯವು ಹನ್ನೊಂದನೆಯವನ ಕಣ್ಣಿಗೆ ಹತ್ತು ಜನರ ಸಾಕ್ಷ್ಯವಾಗಿ ಕಾಣುತ್ತದೆ. ನ್ಯಾಯಸ್ಥಾನದಲ್ಲಿ ಕರ್ಣಾಕರ್ಣಿಕೆಯ ಮಾತಿಗೆ ಬೆಲೆಯಿಲ್ಲ. ಸಾಕ್ಷಿಯನ್ನು ಪಾಟೀಸವಾಲಿಗೆ ಗುರಿಮಾಡುವ ಅವಕಾಶ ಅಪರಾಧಿಯೆನಿಸಿದವನಿಗೂ ಉಂಟು. ಯಾವ ಅಪರಾಧವನ್ನೂ ಮಾಡದ ರೋಗಿಗೆ ಅಷ್ಟೂ ಇರಬಾರದೆ?

ಹಾಗಾದರೆ ರೋಗಿಯೇ ತನ್ನ ದಾಖಲೆಯನ್ನು ಓದಲಿ ಎಂದರೆ, ಹಿಂದಿನವರ ವಿವೇಕವು ಅಡ್ಡ ಬರುವಂತೆ ತೋರುತ್ತದೆ. ರೋಗಿಯ ಮನೆಯ ಸಂಗತಿಯನ್ನು ಹೊರಗೆ ಆಡಬಾರದೆಂದು ಶಿಷ್ಯನಿಗೆ ವಿಧಿಸುವ ಚರಕಸಂಹಿತೆಯೇ, ಆಯುಸ್ಸು ಕ್ಷೀಣಿಸಿತೆಂದು ತಿಳಿದರೂ ಕೇಳಿದವರಿಗೆ ಆಘಾತವಾಗುವ ಕಡೆ ಅದನ್ನು ನುಡಿಯಬಾರದೆಂದೂ ಹೇಳುತ್ತದೆ. ಈ ಮೌನಕ್ಕೆ ಬೆಲೆಯುಂಟು. ಆದರೆ ಅದು ರೋಗಿಯ ಎದೆಯನ್ನು ಕಾಯುವುದಕ್ಕಾಗಿ ಹೇಳಿದ ಮೌನ. ವೈದ್ಯನ ತಾತ್ಸಾರವನ್ನು ಮುಚ್ಚುವುದಕ್ಕಾಗಿ ಹೇಳಿದುದಲ್ಲ.

ಅಮೆರಿಕದ ಬಾಸ್ಟನ್, ಪೆನ್ಸಿಲ್ವೇನಿಯಾ, ಸಿಯಾಟಲ್ ಈ ಮೂರು ಕಡೆಗಳಲ್ಲಿ 2010ರಲ್ಲಿ ನೂರಕ್ಕೆ ಮೇಲ್ಪಟ್ಟ ವೈದ್ಯರು ತಮ್ಮ ಟಿಪ್ಪಣಿಗಳನ್ನು ರೋಗಿಗಳಿಗೆ ತೆರೆದಿಟ್ಟರು. ರೋಗಿಗಳು ಗಾಬರಿಗೊಳ್ಳುವರೆಂದೂ ತಮ್ಮ ಕೆಲಸವು ಇಮ್ಮಡಿಯಾಗುವುದೆಂದೂ ಅನೇಕರಿಗೆ ಭಯವಿತ್ತು. 2012ರಲ್ಲಿ ಹೊರಬಂದ ಫಲವು ಬೇರೆಯಾಗಿತ್ತು: ಗಾಬರಿಗೊಂಡವರು ಕೆಲವರು, ತಮ್ಮ ಆರೋಗ್ಯದ ಮೇಲೆ ತಮಗೆ ಹಿಡಿತ ಬಂದಿತೆಂದವರು ಬಹುಮಂದಿ, ವರ್ಷದ ಕೊನೆಗೆ ಆ ಪದ್ಧತಿಯನ್ನು ಬಿಡುವೆನೆಂದ ವೈದ್ಯನು ಒಬ್ಬನೂ ಇರಲಿಲ್ಲ. ಆದರೂ ಸ್ಥೂಲಕಾಯ, ಮನೋವ್ಯಾಧಿ, ಅರ್ಬುದರೋಗ ಮೊದಲಾದವನ್ನು ಕುರಿತು ತಾವು ಬರೆಯುವ ರೀತಿಯು ಬದಲಾಯಿತೆಂದು ಕೆಲವರು ಒಪ್ಪಿದರು. ಓದುವನೆಂಬ ಅಂಜಿಕೆಯಿಂದ ಸತ್ಯವು ಸವೆಯಿತೋ, ಓದುವನೆಂಬ ನೆನಪಿನಿಂದ ಮಾತು ಶುದ್ಧವಾಯಿತೋ ಎಂಬುದನ್ನು ಲೆಕ್ಕದ ಪಟ್ಟಿಯು ಹೇಳಲಾರದು. ಮದ್ಯಪಾನಿಯನ್ನು ಮದ್ಯಪಾನಿಯೆಂದು ಬರೆಯಲೇಬೇಕು. ಯಕೃತ್ತಿನ ಚಿಕಿತ್ಸೆಗೆ ಅದು ಬೇಕಾದ ಸಂಗತಿ. ಅವನು ಸುಳ್ಳುಗಾರನೆಂದು ಬರೆಯಬೇಕಾದ ಪ್ರಸಂಗವು ಬಹಳ ವಿರಳ.

ಭಾರತದಲ್ಲಿಯೂ 2021ರಲ್ಲಿ ರಾಷ್ಟ್ರವ್ಯಾಪಿಯಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಆರಂಭವಾಗಿ, ಜನರಿಗೆ 14 ಅಂಕಿಗಳ ಆರೋಗ್ಯಸಂಖ್ಯೆ ದೊರೆಯುತ್ತಿದೆ. ರೋಗಿಯ ಸಮ್ಮತಿಯಿಂದಲೇ ದಾಖಲೆಗಳು ಸಾಗಬೇಕೆಂಬುದು ಅದರ ಕ್ರಮ. ಮೇಲೆ ಹೇಳಿದ ರಕ್ತವ್ಯಾಧಿಯು ಈ ದೇಶದಲ್ಲಿ ಮೊದಲು ಗುರುತಾದದ್ದು 1952ರಲ್ಲಿ, ನೀಲಗಿರಿಯ ಬುಡಕಟ್ಟಿನವರಲ್ಲಿ. ಅದರ ನಿರ್ಮೂಲನಕ್ಕಾಗಿ 2023ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯದಲ್ಲಿ ರಕ್ತವನ್ನು ಪರೀಕ್ಷಿಸಿಕೊಂಡವರಿಗೆ ಚೀಟಿಗಳನ್ನು ಕೊಡುತ್ತಾರೆ. ಕಾಡಿನಂಚಿನಿಂದ ಬರುವ ರೋಗಿಗೆ ಅಕ್ಷರವೇ ಬಾರದಿದ್ದರೆ, ತೆರೆದಿಟ್ಟ ದಾಖಲೆಯೂ ಮುಚ್ಚಿದ್ದೇ ಸರಿ. ಓದಿ ಹೇಳುವ ದಾದಿಯೋ ಕಾರ್ಯಕರ್ತೆಯೋ ಇದ್ದಾಗ ಮಾತ್ರ ಅವನ ಸಮ್ಮತಿಗೆ ಅರ್ಥವುಂಟು. ಅದೇ 2023ರಲ್ಲಿ ಅಂಗೀಕೃತವಾದ ವೈಯಕ್ತಿಕ ದತ್ತಾಂಶಸಂರಕ್ಷಣೆಯ ಕಾಯಿದೆಯು, ತಪ್ಪಾದ ಅಥವಾ ದಾರಿತಪ್ಪಿಸುವ ವಿವರವನ್ನು ತಿದ್ದಿಸುವ ಹಕ್ಕನ್ನು ಬರೆದಿದೆ. ರಕ್ತದ ಗುಂಪು ತಪ್ಪಾಗಿದ್ದರೆ ತಿದ್ದುವುದು ಸುಲಭ. ‘ನಿರಾಕರಿಸುತ್ತಾನೆ’ ಎಂಬುದು ತಪ್ಪೆಂದು ತೋರಿಸಬೇಕಾದರೆ, ಮುಖವಾಡವನ್ನು ಏಕೆ ತೆಗೆದೆಯಪ್ಪಾ ಎಂದು ಅವನನ್ನು ಯಾರಾದರೂ ಆ ದಿನ ಕೇಳಿರಬೇಕಾಗಿತ್ತು.